ರಾಗಿ ಸೀಮೆಯ ಊಟ, ಸೋತ ಹೃದಯದ ಪಥ್ಯ

1791ರ ಡಿಸೆಂಬರ್ 10ರಂದು ಈಸ್ಟ್ ಇಂಡಿಯಾ ಕಂಪನಿಯ ದೊರೆ ಕಾರ್ನ್‌ವಾಲಿಸ್‌ನ ಸೇನೆ ಮಾಗಡಿ ಬಳಿಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತು. 21ರಂದು ಕೋಟೆ ಬಿತ್ತು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಬೋಳು ಬಂಡೆಗಳು, ಸುತ್ತಲೂ ದಟ್ಟ ಬಿದಿರುಮೆಳೆ, ಒಳಹೊಕ್ಕವರನ್ನು ಹಾಸಿಗೆ ಹಿಡಿಸುವ ಚಳಿಜ್ವರ. ಬಿಳಿಯ ಸೈನಿಕರಲ್ಲಿ ಅರ್ಧದಷ್ಟು ಜನರನ್ನು ಈ ಕಾಡಿನ ಜ್ವರವೇ ಮುಗಿಸುತ್ತದೆ, ಉಳಿದವರು ಕೋಟೆಯ ಬುಡದಲ್ಲಿ ಸಾಯುತ್ತಾರೆ ಎಂದು ಟಿಪ್ಪು ನಂಬಿದ್ದನೆಂದು ಇಂಗ್ಲಿಷ್ ದಾಖಲೆಗಾರರು ಬರೆದಿಟ್ಟಿದ್ದಾರೆ. ಹಾಗೇನೂ ಆಗಲಿಲ್ಲ.

ಈ ಮುತ್ತಿಗೆಯ ಕಥೆಯಲ್ಲಿ ಫಿರಂಗಿಗೆ ಸಿಕ್ಕ ಜಾಗ ದವಸಕ್ಕೆ ಸಿಕ್ಕಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋಗಿ, ಕಾಳಗವೊಂದನ್ನು ಗೆದ್ದೂ ಹಿಂದಿರುಗಿದ್ದ. ಎತ್ತುಗಳು ಮೇವಿಲ್ಲದೆ ಸತ್ತಿದ್ದವು, ದಂಡಿಗೆ ಅಕ್ಕಿ ಇರಲಿಲ್ಲ, ದೊಡ್ಡ ತೋಪುಗಳನ್ನು ಅಲ್ಲೇ ಒಡೆದು ಹಾಕಿ ಬರಬೇಕಾಯಿತು. ಮತ್ತೆ ಹೋಗುವ ಮುನ್ನ ಬೆಂಗಳೂರಿನಿಂದ ದವಸ ಸಾಗುವ ದಾರಿ ಭದ್ರವಾಗಬೇಕಿತ್ತು. ಬಂಜಾರರ ಎತ್ತಿನ ಹಿಂಡುಗಳು ಅಡ್ಡಿಯಿಲ್ಲದೆ ನಡೆಯಬೇಕಿತ್ತು. ಸಾವನದುರ್ಗ, ರಾಮಗಿರಿ, ಹುತ್ರಿದುರ್ಗಗಳು ಆ ದಾರಿಯ ಮಗ್ಗುಲಲ್ಲೇ ಇದ್ದವು. ಹೊಟ್ಟೆಗಿಲ್ಲದ ದಂಡು ಎಷ್ಟು ಗೆದ್ದರೂ ಸೋತಂತೆಯೇ ಎಂಬುದನ್ನು ಕಂಪನಿಯ ದೊರೆ ಇದೇ ಸೀಮೆಯಲ್ಲಿ ಕಲಿತ.

ಇಂದು ಇದೇ ಊರುಗಳಿಂದ ಬೇರೊಂದು ಬಗೆಯಲ್ಲಿ ಸೋತವರು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಕಾಲು ಬಾತಿರುತ್ತದೆ, ಎರಡು ಹೆಜ್ಜೆಗೆ ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಎಕೋ ಮಾಡಿದ ಡಾಕ್ಟರು ಪಂಪಿಂಗ್ ಕಮ್ಮಿಯಾಗಿದೆ ಎನ್ನುತ್ತಾರೆ. ಮನೆಯವರು ಊರಿಗೆ ಫೋನು ಮಾಡಿ ಹಾರ್ಟ್ ವೀಕಂತೆ, ಮೈಗೆ ನೀರು ತುಂಬಿಕೊಂಡಿದೆಯಂತೆ ಎಂದು ಹೇಳುತ್ತಾರೆ. ವೈದ್ಯಶಾಸ್ತ್ರ ಇದನ್ನು ಹೃದಯ ವೈಫಲ್ಯ ಎನ್ನುತ್ತದೆ. ಹೃದಯ ನಿಂತಿರುವುದಿಲ್ಲ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳಲು ಅದಕ್ಕೆ ಶಕ್ತಿ ಸಾಲುತ್ತಿರುವುದಿಲ್ಲ. ಹೀಗೆ ವಾರ್ಡಿಗೆ ಸೇರಿದವರಲ್ಲಿ ಯಾರು ಗೆದ್ದು ಮನೆಗೆ ಹೋಗುತ್ತಾರೆ, ಯಾರು ಮತ್ತೆ ಮತ್ತೆ ಮರಳುತ್ತಾರೆ, ಯಾರು ಉಳಿಯುವುದಿಲ್ಲ ಎಂಬುದನ್ನು ಎಕೋ ವರದಿಯ ಜೊತೆಗೆ ಅವರ ಊಟದ ತಟ್ಟೆಯೂ ಹೇಳುತ್ತದೆ. ಇದನ್ನು ವೈದ್ಯರು ಅಂಕಿಗಳಲ್ಲಿ ತೋರಿಸಿ ಹೆಚ್ಚು ಕಾಲವಾಗಿಲ್ಲ. ಆದರೆ ಅದರ ಹಿಂದಿನ ಚರಿತ್ರೆ ಹಳೆಯದು. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಮೈಸೂರು, ಮದ್ರಾಸು ಸೀಮೆಗಳ ಬರಗಾಲದಲ್ಲಿ.

ಮೊದಲು ಹೊಲದ ಮಾತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. 1728ರಲ್ಲಿ ಮೈಸೂರು ಆ ಪಾಳೆಯಪಟ್ಟನ್ನು ಮುರಿಯುವವರೆಗೂ ಮಾಗಡಿ ಮತ್ತು ಸಾವನದುರ್ಗ ಆ ಮನೆತನದ ಕೈಯಲ್ಲಿದ್ದವು. ಅರಸರು ಬದಲಾದರೂ ಬಂಡೆಯ ಬುಡದ ಕೆಂಪು ಮಣ್ಣಿನಲ್ಲಿ ಬೆಳೆ ಬದಲಾಗಲಿಲ್ಲ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಾಗಡಿ, ಸಾವನದುರ್ಗ, ರಾಮಗಿರಿ, ಚನ್ನಪಟ್ಟಣಗಳನ್ನು ಹಾದು ಹೋದ. ಸಾವನದುರ್ಗದ ಕಾಡಿನ ಮರಗಳನ್ನು ಸ್ಥಳೀಯ ಹೆಸರಿನಲ್ಲೇ ಪಟ್ಟಿ ಮಾಡಿಕೊಂಡ. ಖುಷ್ಕಿ ಬೆಳೆಗಳಲ್ಲಿ ರಾಗಿಯೇ ಎಲ್ಲಕ್ಕಿಂತ ಮುಖ್ಯ, ದುಡಿಯುವವರಿಗೆ ಅದಕ್ಕಿಂತ ಕಸುವಿನ ಆಹಾರವಿಲ್ಲವೆಂದು ಇಲ್ಲಿಯ ಜನ ನಂಬುತ್ತಾರೆ ಎಂದೂ ಗುರುತಿಸಿದ. ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಈ ಸೀಮೆಯ ವಿಮೆ ನೆಲದೊಳಗಿನ ಆ ಗುಂಡಿಯಲ್ಲೇ ಇತ್ತು.

ರಾಗಿಯೊಂದೇ ಇದ್ದಿದ್ದರೆ ಈ ಊಟಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ. ರಾಗಿಯಲ್ಲಿ ಪ್ರೋಟೀನು 100 ಗ್ರಾಮಿಗೆ ಸುಮಾರು 7 ಗ್ರಾಂ ಮಾತ್ರ, ಅದರಲ್ಲೂ ಲೈಸೀನ್ ಎಂಬ ಅಂಶ ಕಡಿಮೆ. ಆದರೆ ಮಾಗಡಿ, ಕನಕಪುರದ ರೈತ ರಾಗಿಯನ್ನು ಒಂಟಿಯಾಗಿ ಬಿತ್ತಿದವನಲ್ಲ. ನಡುನಡುವೆ ಅಕ್ಕಡಿ ಸಾಲು ಹಿಡಿಯುತ್ತಿದ್ದ: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ರಾಗಿಯಲ್ಲಿ ಕೊರತೆಯಿದ್ದ ಲೈಸೀನ್ ಅವರೆ, ಹುರುಳಿಗಳಲ್ಲಿ ಧಾರಾಳವಾಗಿತ್ತು. ಹೊಲದ ಬದುವಿನಲ್ಲಿ ಅಣ್ಣೆ, ಕಿರಕಸಾಲೆ, ಕೊಮ್ಮೆ, ಹೊನಗೊನ್ನೆ ಸೊಪ್ಪುಗಳು ಬಿತ್ತದೆಯೇ ಬೆಳೆಯುತ್ತಿದ್ದವು. ಮುದ್ದೆ, ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಚಳಿಗಾಲಕ್ಕೆ ಹಿತಕಿದ ಅವರೆಬೇಳೆ. ಆಹಾರ ವಿಜ್ಞಾನಿಗಳು ಒಂದು ತಟ್ಟೆಯಲ್ಲಿ ಇರಬೇಕೆಂದು ಈಗ ಹೇಳುವುದರಲ್ಲಿ ಬಹುಪಾಲು ಅಲ್ಲಿತ್ತು. ಇದ್ದದ್ದು ಮಳೆ ಬಂದ ವರ್ಷದಲ್ಲಿ, ಜಮೀನಿದ್ದವರ ಮನೆಯಲ್ಲಿ ಎಂಬುದನ್ನೂ ಮರೆಯಬಾರದು. ಕೂಲಿಯವರ ಮನೆಯ ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗಿತ್ತು, ಸಾರು ತೆಳ್ಳಗಿತ್ತು.

ಈ ಊಟದಿಂದ ಹೃದಯಕ್ಕೆ ನೇರವಾಗಿ ಆದ ಒಂದು ಉಪಕಾರವಿದೆ. ಅಕ್ಕಿಯನ್ನು ಯಂತ್ರದಲ್ಲಿ ಬೆಳ್ಳಗೆ ಮಾಡಿಸಿ ಉಂಡ ಕರಾವಳಿ ಆಂಧ್ರದಲ್ಲಿ, ಬರ್ಮಾ, ಜಾವಾಗಳಲ್ಲಿ ಬೆರಿಬೆರಿ ಹರಡಿತ್ತು. ತೌಡಿನೊಂದಿಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ನು, ಹೊರಟುಹೋಗಿ ಕೈಕಾಲು ಜೋಮು ಹಿಡಿಯುತ್ತಿತ್ತು. ಕೆಲವರಲ್ಲಿ ಮೈ ಬಾತು ಹೃದಯವೇ ಸೋಲುತ್ತಿತ್ತು. ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್ಯಾರಿಸನ್ 1920ರ ದಶಕದಲ್ಲಿ ಅಕ್ಕಿ ಮತ್ತು ಬೆರಿಬೆರಿಯ ನಂಟನ್ನು ಬೆನ್ನುಹತ್ತಿದ. ಅವನ ನಂತರ ಅಲ್ಲಿಗೆ ಬಂದ ಐಕ್ರಾಯ್ಡ್ ಭಾರತೀಯ ಆಹಾರಗಳ ಪೌಷ್ಟಿಕಾಂಶದ ಪಟ್ಟಿಯನ್ನು ಮೊದಲ ಬಾರಿಗೆ ಹೊರತಂದ. ಇಂದಿನ ಪಟ್ಟಿಗಳ ಪ್ರಕಾರ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 0.4 ಮಿಲಿಗ್ರಾಂ ಥಯಾಮಿನ್ ಇದ್ದರೆ ಪಾಲಿಶ್ ಅಕ್ಕಿಯಲ್ಲಿ 0.06ರ ಆಸುಪಾಸು. ರಾಗಿಯನ್ನು ಸಿಪ್ಪೆಯ ಸಮೇತ ಬೀಸಿ ಹಿಟ್ಟು ಮಾಡುವುದರಿಂದ ಅದು ಮುದ್ದೆಯವರೆಗೂ ಬರುತ್ತದೆ. ಮೈಸೂರು ಸೀಮೆಯ ರಾಗಿ ಉಣ್ಣುವವರಿಗೆ ಬೆರಿಬೆರಿಯ ಭಯ ಇರಲಿಲ್ಲ.

ಆದರೆ ಹಗೇವು ಬರಿದಾದರೆ?

1875ರಲ್ಲಿ ಮಳೆ ಕೈಕೊಟ್ಟಿತು, 1876ರಲ್ಲಿ ಪೂರ್ತಿ ಹೋಯಿತು. ಧಾತು, ಈಶ್ವರ ಸಂವತ್ಸರಗಳ ಆ ಬರ ಎರಡು ವರ್ಷ ಹಿಡಿದು ಜಗ್ಗಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ಸುಮಾರು ಎಂಟೂಮುಕ್ಕಾಲು ಲಕ್ಷ ಕಡಿಮೆಯಾಗಿದ್ದರು. ರಾಗಿ ಬೆಳೆಯುವ ಪೂರ್ವದ ಬಯಲುಸೀಮೆಗೆ ಪೆಟ್ಟು ಹೆಚ್ಚು. ಹಳ್ಳಿ ಬಿಟ್ಟು ಬೆಂಗಳೂರಿನ ಕಡೆಗೆ ನಡೆದವರಲ್ಲಿ ಅನೇಕರು ದಾರಿಯಲ್ಲೇ ಬಿದ್ದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಹಾದಿಯ ಮಣ್ಣು ಕೆಲಸ ಆಗ ಬರಪರಿಹಾರದ ಕಾಮಗಾರಿಯಾಗಿ ನಡೆಯಿತು. ಇಂದು ರಾಮನಗರ, ಚನ್ನಪಟ್ಟಣಗಳಲ್ಲಿ ರೈಲು ಹತ್ತುವವರ ಕಾಲ ಕೆಳಗಿನ ಏರಿ, ಹಸಿದವರು ಹೊತ್ತು ಹಾಕಿದ ಮಣ್ಣು.

ಆ ಮಣ್ಣು ಹೊರುವವರಿಗೆ ಎಷ್ಟು ಉಣ್ಣಲು ಕೊಟ್ಟರೆ ಸಾಕು ಎಂಬುದರ ಮೇಲೆ ಒಂದು ದೊಡ್ಡ ಜಗಳವೇ ನಡೆಯಿತು. ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಮದ್ರಾಸಿನಲ್ಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಅದರ ಮೇಲೊಂದಿಷ್ಟು ಚಿಲ್ಲರೆ ಕಾಸು ಎಂದು ಕೂಲಿ ಗೊತ್ತುಮಾಡಿದ. ಅಲ್ಲಿನ ಸ್ಯಾನಿಟರಿ ಕಮಿಷನರ್, ವೈದ್ಯ ಕಾರ್ನಿಷ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲವೆಂದು ಪಟ್ಟುಹಿಡಿದ. ಕೊನೆಗೆ ಮದ್ರಾಸು ಸರ್ಕಾರ ಕೂಲಿಯನ್ನು ಏರಿಸಿತು. ಒಂದು ದೇಹ ಬದುಕಲು ಎಷ್ಟು ಆಹಾರ ಬೇಕು ಎಂಬ ಪ್ರಶ್ನೆ ಭಾರತದಲ್ಲಿ ಸರ್ಕಾರಿ ಕಡತಕ್ಕೆ ಇಷ್ಟು ದೊಡ್ಡದಾಗಿ ಬಂದದ್ದು ಆಗಲೇ. ಕಾರ್ನಿಷ್‌ನ ಹೆಸರು ಈಗ ಯಾರಿಗೂ ನೆನಪಿಲ್ಲ. ಅವನು ನೆನಪಿನಲ್ಲಿ ಉಳಿಯಬೇಕಾದ ಮನುಷ್ಯ.

ಇದೇ ಬರದಲ್ಲಿ ಮದ್ರಾಸಿನ ಪರಿಹಾರ ಶಿಬಿರದ ಆಸ್ಪತ್ರೆಯಲ್ಲಿದ್ದ ಅಲೆಗ್ಸಾಂಡರ್ ಪೋರ್ಟರ್ ಎಂಬ ವೈದ್ಯ ಬೇರೆ ಯಾರೂ ಮಾಡದ ಕೆಲಸವೊಂದನ್ನು ಮಾಡಿದ. ಹಸಿವಿನಿಂದ ಸತ್ತ ನೂರಾರು ಜನರ ಮರಣೋತ್ತರ ಪರೀಕ್ಷೆ ನಡೆಸಿ, ಒಳಗಿನ ಅಂಗಗಳನ್ನು ಒಂದೊಂದಾಗಿ ತೂಗಿ ಬರೆದಿಟ್ಟ. 1889ರಲ್ಲಿ ಅದು ಪುಸ್ತಕವಾಗಿ ಬಂತು. ಹಸಿವಿನಲ್ಲಿ ಮಾಂಸ, ಕೊಬ್ಬು ಕರಗಿದರೂ ಮಿದುಳಿನಂತೆ ಹೃದಯವನ್ನೂ ದೇಹ ಕಾಪಾಡಿಕೊಳ್ಳುತ್ತದೆ ಎಂಬ ನಂಬಿಕೆ ಯೂರೋಪಿನ ವಿದ್ವಾಂಸರಲ್ಲಿ ಗಟ್ಟಿಯಾಗಿದ್ದ ಕಾಲ ಅದು. ಪೋರ್ಟರನ ತಕ್ಕಡಿ ಬೇರೆಯದನ್ನೇ ಹೇಳಿತು. ಬರದಲ್ಲಿ ಸತ್ತವರ ಹೃದಯವೂ ಕುಗ್ಗಿತ್ತು. ಕಾಲು, ಹೊಟ್ಟೆಯಲ್ಲಿ ನೀರು ತುಂಬಿ ಬಾತವರು ಅವರಲ್ಲಿ ಅನೇಕರಿದ್ದರು. ಹೊರಗಿನಿಂದ ನೋಡಿದರೆ ಮೈ ತುಂಬಿಕೊಂಡಂತೆ ಕಾಣುತ್ತಿತ್ತು, ಒಳಗೆ ಮಾಂಸವೇ ಇರಲಿಲ್ಲ.

ಪೋರ್ಟರನ ಪುಸ್ತಕವನ್ನು ಧೂಳು ಕೊಡವಿ ಓದಿದವನು ಅಮೆರಿಕದ ಆನ್ಸೆಲ್ ಕೀಸ್. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಾಗ, 1944-45ರಲ್ಲಿ, ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಅವನು ನಡೆಸಿದ ಪ್ರಯೋಗಕ್ಕಾಗಿ 36 ಆರೋಗ್ಯವಂತ ಸ್ವಯಂಸೇವಕರು 24 ವಾರ ಅರೆಹೊಟ್ಟೆಯಲ್ಲಿ ಇರಲು ಒಪ್ಪಿದರು. ಅವರ ಮೈತೂಕ ಕಾಲುಭಾಗದಷ್ಟು ಇಳಿಯಿತು. ನಿಮಿಷಕ್ಕೆ ಸರಾಸರಿ 55 ಇದ್ದ ನಾಡಿ 35ರ ಹತ್ತಿರಕ್ಕೆ ಬಂತು, ಹೃದಯದ ಗಾತ್ರ ಸುಮಾರು ಆರನೇ ಒಂದು ಪಾಲು ಕುಗ್ಗಿತು. ಮದ್ರಾಸಿನ ಹೆಣದ ಮನೆಯಲ್ಲಿ ಕಂಡದ್ದು ಜೀವಂತ ದೇಹದಲ್ಲೂ ನಿಜವಾಯಿತು. ಹೃದಯವೂ ಒಂದು ಸ್ನಾಯು, ಅದಕ್ಕೂ ಉಣ್ಣಲು ಬೇಕು. ಅರೆಹೊಟ್ಟೆಯ ನಂತರ ಒಮ್ಮೆಲೇ ಬೇಕಾದಷ್ಟು ಉಂಡರೆ ಕುಗ್ಗಿದ ಹೃದಯ ಆ ಭಾರವನ್ನು ತಾಳಲಾರದು ಎಂಬುದೂ ಯುದ್ಧಕೈದಿಗಳ ಶಿಬಿರಗಳಿಂದ, ಕೀಸ್‌ನ ಪ್ರಯೋಗದಿಂದ ತಿಳಿಯಿತು. ಗಂಜಿಯಿಂದ ಶುರುಮಾಡಿ ಮೆಲ್ಲಗೆ ಊಟಕ್ಕೆ ತರುವ ನಮ್ಮ ಹಳೆಯ ರೂಢಿಯಲ್ಲಿ ಇದರ ಅರಿವು ಇತ್ತು.

ರೂಢಿಯ ಮಾತು ಬಂದದ್ದರಿಂದ ಪಥ್ಯದ ಕಡೆಗೆ ತಿರುಗಬಹುದು. ರೋಗಿಗೆ ಏನು ಕೊಡಬೇಕು ಎಂಬುದು ನಮ್ಮ ಮನೆಗಳಲ್ಲಿ ಔಷಧಿಗಿಂತ ಹಳೆಯ ಪ್ರಶ್ನೆ. ಹನ್ನೊಂದನೆಯ ಶತಮಾನದ ಚಕ್ರದತ್ತನ ವೈದ್ಯಗ್ರಂಥ ಹೃದ್ರೋಗಕ್ಕೆ ಹೊಳೆಮತ್ತಿ ಮರದ ಚಕ್ಕೆಯನ್ನು ಹಾಲಿನಲ್ಲಿ ಕಾಯಿಸಿ ಕೊಡುವಂತೆ ಹೇಳುತ್ತದೆ. ಕನಕಪುರದ ಆಚೆ ಸಂಗಮ, ಮುತ್ತತ್ತಿಯ ಕಾವೇರಿ ದಂಡೆಯಲ್ಲಿ ಈ ಹೊಳೆಮತ್ತಿಯ ದೈತ್ಯ ಮರಗಳು ಇಂದಿಗೂ ಸಾಲುಗಟ್ಟಿ ನಿಂತಿವೆ. ಔಷಧಿಯ ಜೊತೆಗೆ ಹಾಲೂ ಹೊಟ್ಟೆಗೆ ಹೋಗುತ್ತಿತ್ತು ಎನ್ನುವುದು ಇಲ್ಲಿ ಗಮನಿಸಬೇಕಾದ ವಿಷಯ. ಮೈ ಬಾತವರಿಗೆ ನಾಟಿ ವೈದ್ಯರು ಕೊಮ್ಮೆಯ ಬೇರು ಕೊಡುತ್ತಿದ್ದರು. ಅದೇ ಕೊಮ್ಮೆ ಬೆರಕೆ ಸೊಪ್ಪಿನ ಸಾರಿನಲ್ಲೂ ಬೀಳುತ್ತಿತ್ತು. 1990ರ ದಶಕದಲ್ಲಿ ಅರಣ್ಯ ಇಲಾಖೆ ಔಷಧಿ ಸಸ್ಯಗಳ ಸಂರಕ್ಷಣೆಗೆಂದು ರಾಜ್ಯದಲ್ಲಿ ಗುರುತಿಸಿದ ಕಾಡುಗಳಲ್ಲಿ ಸಾವನದುರ್ಗವೂ ಸೇರಿತು. ಹಾಗೆಂದು ಸೋತ ಹೃದಯವನ್ನು ಬೇರು ಚಕ್ಕೆಗಳ ಮೇಲೆ ಬಿಡುವಂತಿಲ್ಲ. ಈಗಿನ ಮಾತ್ರೆಗಳು ಆಯುಸ್ಸನ್ನು ಹೆಚ್ಚಿಸುತ್ತವೆ ಎಂಬುದು ಸಾವಿರಾರು ರೋಗಿಗಳಲ್ಲಿ ಸಾಬೀತಾದ ಸಂಗತಿ.

ಪಶ್ಚಿಮದ ಪಥ್ಯ ಬೇರೆ ದಾರಿ ಹಿಡಿಯಿತು. ರಷ್ಯಾದ ಚಕ್ರವರ್ತಿಯ ವೈದ್ಯನಾಗಿದ್ದ ಫಿಲಿಪ್ ಕಾರೆಲ್ 1866ರಲ್ಲಿ ಪ್ರಕಟಿಸಿದ ಹಾಲಿನ ಚಿಕಿತ್ಸೆ ಮೈಬಾತ ಹೃದ್ರೋಗಿಗಳಿಗೆ ದಶಕಗಳ ಕಾಲ ಪ್ರಸಿದ್ಧವಾಗಿತ್ತು: ದಿನಕ್ಕೆ ನಾಲ್ಕು ಸಲ ಒಂದೊಂದು ಲೋಟ ಹಾಲು, ಎಲ್ಲ ಸೇರಿ 800 ಮಿಲಿಲೀಟರು, ಬೇರೇನೂ ಇಲ್ಲ. ಉಪ್ಪು ಹೋಗದ್ದರಿಂದ ನೀರು ಇಳಿಯುತ್ತಿತ್ತು, ಜೊತೆಗೆ ಮೈಯೂ ಇಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ವೈದ್ಯರು ಮೈ ಊತಕ್ಕೆ ಕಾರಣ ಉಪ್ಪು ಎಂದು ತೋರಿಸಿದರು. 1940ರ ದಶಕದಲ್ಲಿ ಅಮೆರಿಕದ ವಾಲ್ಟರ್ ಕೆಂಪ್ನರ್ ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆಯ ಪಥ್ಯವನ್ನು ತಂದ. ನೀರು ಇಳಿಸುವ ಒಳ್ಳೆಯ ಮಾತ್ರೆಗಳು ಬಂದದ್ದು 1950ರ ದಶಕದ ಕೊನೆಯಲ್ಲಿ. ಅಲ್ಲಿಯವರೆಗೆ ಬಾಯಿ ಕಟ್ಟುವುದೇ ಚಿಕಿತ್ಸೆಯ ದೊಡ್ಡ ಭಾಗವಾಗಿತ್ತು.

ಇತ್ತ ಬೆಂಗಳೂರಿನಲ್ಲಿ 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ ಸುತ್ತಲಿನ ಹಳ್ಳಿಗಳಿಗೆ ದೊಡ್ಡಾಸ್ಪತ್ರೆಯಾಯಿತು. ಅದೇ ಆವರಣದಲ್ಲಿ 1972ರಲ್ಲಿ, ಚಿತ್ರದುರ್ಗದ ಜಯದೇವ ಮುರುಘರಾಜೇಂದ್ರ ಸ್ವಾಮೀಜಿಯವರ ಹೆಸರಿನಲ್ಲಿ ಹೃದ್ರೋಗ ವಿಭಾಗ ಆರಂಭವಾಯಿತು. 1984ರಲ್ಲಿ ಸ್ವಾಯತ್ತ ಸಂಸ್ಥೆಯಾದ ಅದು ಮುಂದೆ ಬನ್ನೇರುಘಟ್ಟ ರಸ್ತೆಗೆ ಹೋಗಿ, ರಾಜ್ಯದ ಬಡ ಹೃದ್ರೋಗಿಗಳಿಗೆ ಮನೆಮಾತಾಗಿರುವ ಜಯದೇವ ಆಸ್ಪತ್ರೆಯಾಗಿ ಬೆಳೆಯಿತು. ಮಾಗಡಿಯಿಂದಲೂ ಕನಕಪುರದಿಂದಲೂ ಎದೆಯ ನೋವಿಗೆ ಜನ ಹೊರಡುವುದು ಅಲ್ಲಿಗೇ. ಅಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಸಂಸದರಾಗಿ ಆಯ್ಕೆಯಾದ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ನಾಲ್ಕೂ ಇವೆ.

ಡಾಕ್ಟರು ಹೇಳಿದ್ದನ್ನು ಮನೆಯವರು ಕೇಳಿಸಿಕೊಳ್ಳುವಾಗ ಪಥ್ಯದ ಹಳೆಯ ಭಯ ಮತ್ತೆ ಏಳುತ್ತದೆ. ಡಾಕ್ಟರು ಹೇಳುವುದು ಉಪ್ಪು ಕಡಿಮೆ ಮಾಡಿ, ನೀರನ್ನು ಅಳತೆಯಲ್ಲಿ ಕುಡಿಯಿರಿ ಎಂದು. ಹಳ್ಳಿಯ ಮನೆಯಲ್ಲಿ ಅದು ಹೀಗೆ ಜಾರಿಯಾಗುತ್ತದೆ: ಮುದ್ದೆ ಜೀರ್ಣವಾಗುವುದಿಲ್ಲ, ಬೇಡ. ಕಾಳು ವಾಯು, ಬೇಡ. ಮೊಟ್ಟೆ ಕೊಬ್ಬು, ಬೇಡ. ಮಾಂಸದ ಮಾತೇ ಇಲ್ಲ. ಉಳಿಯುವುದು ಸಪ್ಪೆ ಗಂಜಿ, ಬ್ರೆಡ್ಡು, ರಸ್ಕು, ಎಳನೀರು. ಬ್ರೆಡ್ಡು ರಸ್ಕುಗಳಲ್ಲೂ ಉಪ್ಪಿದೆ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಕೆಲವು ಹೃದಯದ ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವುದರಿಂದ, ಮೂತ್ರಪಿಂಡ ದಣಿದವರು ಎಳನೀರನ್ನು ಡಾಕ್ಟರನ್ನು ಕೇಳದೆ ಕುಡಿಯಬಾರದು ಎಂಬುದನ್ನೂ ಹೇಳಿರುವುದಿಲ್ಲ. ಉಪ್ಪನ್ನು ತೆಗೆಯಲು ಹೋಗಿ ಊಟವನ್ನೇ ತೆಗೆದುಬಿಡುವುದು ಇಂದಿನ ಪಥ್ಯದ ದೊಡ್ಡ ತಪ್ಪು. ಹಾಗೆ ಮಾಡುವವರು ಪ್ರೀತಿಯಿಂದಲೇ ಮಾಡುತ್ತಾರೆ.

ರೋಗವೂ ಅದಕ್ಕೆ ಕೈಜೋಡಿಸುತ್ತದೆ. ಹೃದಯ ಸೋತಾಗ ಕರುಳು, ಯಕೃತ್ತಿನಲ್ಲಿ ನೀರು ನಿಂತು ಹಸಿವು ಸಾಯುತ್ತದೆ, ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಉಂಡದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. ಉರಿಯೂತದ ರಾಸಾಯನಿಕಗಳು ಸ್ನಾಯುವನ್ನು ಕರಗಿಸುತ್ತವೆ. ನೀರು ಇಳಿಸುವ ಮಾತ್ರೆಯ ಜೊತೆ ಥಯಾಮಿನ್ನೂ ಮೂತ್ರದಲ್ಲಿ ಹೋಗುತ್ತದೆ. ಬೆರಿಬೆರಿಯಿಂದ ಕಾಪಾಡಿದ ರಾಗಿಯನ್ನು ಈ ಹೊತ್ತಿನಲ್ಲೇ ತಟ್ಟೆಯಿಂದ ತೆಗೆದು, ಬಿಳಿ ಅಕ್ಕಿಯ ಗಂಜಿ ಇಟ್ಟಿರುತ್ತಾರೆ. ಕಬ್ಬಿಣದ ಕೊರತೆಯೂ ಹೃದಯ ವೈಫಲ್ಯವನ್ನು ಬಿಗಡಾಯಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವವರು ಅವರೇ.

ಬಾತ ಮೈಯ ಅಡಿಯಲ್ಲಿ ಬಡಕಲು ದೇಹ ಅಡಗಿರುತ್ತದೆ ಎಂಬುದನ್ನು ಗ್ರೀಸಿನ ಹಿಪ್ಪೊಕ್ರಟಿಸ್ ಪರಂಪರೆಯ ವೈದ್ಯರು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದರು. ಅದು ಆಯುಸ್ಸಿನ ಲೆಕ್ಕವಾಗಿ ಬಂದದ್ದು ಮಾತ್ರ 1997ರಲ್ಲಿ. ಸ್ಟೀಫನ್ ಆಂಕರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ 171 ಹೃದಯ ವೈಫಲ್ಯದ ರೋಗಿಗಳನ್ನು ಹಿಂಬಾಲಿಸಿ ನೋಡಿದರು. ನೀರಿನ ತೂಕ ಬಿಟ್ಟು, ಕನಿಷ್ಠ ಆರು ತಿಂಗಳ ಅವಧಿಯಲ್ಲಿ ಮೈತೂಕದ ಶೇ 7.5ಕ್ಕಿಂತ ಹೆಚ್ಚು ಕಳೆದುಕೊಂಡವರಲ್ಲಿ ಅರ್ಧದಷ್ಟು ಜನ ಹದಿನೆಂಟು ತಿಂಗಳಲ್ಲಿ ತೀರಿಕೊಂಡರು. ಕಳೆದುಕೊಳ್ಳದವರಲ್ಲಿ ಆ ಪ್ರಮಾಣ ಶೇ 17 ಮಾತ್ರ. ಹೃದಯದ ಪಂಪಿಂಗ್ ಎಷ್ಟಿದೆ ಎಂಬುದನ್ನು ಬದಿಗಿಟ್ಟು ನೋಡಿದರೂ ಸವೆದ ದೇಹವೇ ಸಾವಿನ ಮುನ್ಸೂಚನೆಯಾಗಿ ನಿಂತಿತು. ಕೆಲವೇ ವರ್ಷಗಳಲ್ಲಿ ಇನ್ನೊಂದು ಅಚ್ಚರಿ ಹೊರಬಂತು. ಈ ರೋಗ ಹತ್ತಿದ ಮೇಲೆ ತೆಳ್ಳಗಿರುವವರಿಗಿಂತ ಸ್ವಲ್ಪ ಮೈಕೈ ತುಂಬಿಕೊಂಡವರೇ ಹೆಚ್ಚು ದಿನ ಬದುಕುತ್ತಿದ್ದರು. ದಪ್ಪಗಾಗುವುದರಿಂದ ಹೃದಯಕ್ಕೆ ಒಳ್ಳೆಯದು ಎಂಬ ಅರ್ಥ ಇದಕ್ಕಿಲ್ಲ. ಕಷ್ಟಕಾಲಕ್ಕೆ ದೇಹದಲ್ಲಿ ದಾಸ್ತಾನು ಇರಬೇಕು ಎಂಬುದಷ್ಟೇ ಅರ್ಥ.

ನಂತರ ಅಳತೆಗಳು ಬಂದವು. 2005ರಲ್ಲಿ ಫ್ರಾನ್ಸಿನ ವೈದ್ಯರು ರಕ್ತದ ಆಲ್ಬುಮಿನ್ ಪ್ರೋಟೀನು ಮತ್ತು ಮೈತೂಕವನ್ನು ಸೇರಿಸಿ, ವಯಸ್ಸಾದವರ ಪೌಷ್ಟಿಕ ಅಪಾಯದ ಸೂಚ್ಯಂಕವೊಂದನ್ನು ರೂಪಿಸಿದರು. ಅದೇ ವರ್ಷ ಸ್ಪೇನಿನವರು ಆಲ್ಬುಮಿನ್, ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಮತ್ತು ಕೊಲೆಸ್ಟರಾಲ್ ಮೂರನ್ನೂ ಹಿಡಿದು ಸೊನ್ನೆಯಿಂದ ಹನ್ನೆರಡರವರೆಗಿನ ಅಂಕಪಟ್ಟಿಯೊಂದನ್ನು ಮಾಡಿದರು. ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರಲ್ಲಿ ಇವನ್ನು ಬಳಸಿದಾಗ, ಪೌಷ್ಟಿಕತೆ ಕೆಟ್ಟಿದ್ದವರೇ ಹೆಚ್ಚು ಸಾಯುತ್ತಾರೆ, ಮತ್ತೆ ದಾಖಲಾಗುತ್ತಾರೆ ಎಂಬುದು ಜಪಾನಿನಿಂದ ಯೂರೋಪಿನವರೆಗೆ ಅನೇಕ ಅಧ್ಯಯನಗಳಲ್ಲಿ ಕಂಡುಬಂತು. ಇದಕ್ಕೆ ಬೇಕಾಗುವುದು ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಸಾಮಾನ್ಯ ರಕ್ತಪರೀಕ್ಷೆಗಳು. ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮೈಯಲ್ಲಿ ನೀರು ಹೆಚ್ಚಿದ್ದರೆ, ಸೋಂಕಿದ್ದರೆ, ಯಕೃತ್ತು ದಣಿದಿದ್ದರೆ ಆಲ್ಬುಮಿನ್ ಇಳಿಯುತ್ತದೆ, ಬಾವು ಇದ್ದಾಗ ತೂಕ ಸುಳ್ಳು ಹೇಳುತ್ತದೆ. ಆದ್ದರಿಂದ ತೋಳಿನ ಸುತ್ತಳತೆ, ಕೈಹಿಡಿತದ ಬಲ, ಕಳೆದ ವಾರ ಏನೇನು ಉಂಡಿರಿ ಎಂಬ ಪ್ರಶ್ನೆ, ಇವೂ ಜೊತೆಗಿರಬೇಕು.

ಸವೆದವರಿಗೆ ಉಣಿಸಿದರೆ ಫಲವಿದೆಯೇ? ಸ್ಪೇನಿನಲ್ಲಿ ಹೃದಯ ವೈಫಲ್ಯದಿಂದ ದಾಖಲಾದ, ಪೌಷ್ಟಿಕತೆ ಕೆಟ್ಟಿದ್ದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಆರು ತಿಂಗಳು ಪ್ರತ್ಯೇಕವಾಗಿ ಊಟದ ಸಲಹೆ, ಬೇಕಾದವರಿಗೆ ಪೂರಕ ಆಹಾರ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ವರ್ಷದೊಳಗೆ ಸತ್ತವರು ಅಥವಾ ಹೃದಯ ಬಿಗಡಾಯಿಸಿ ಮತ್ತೆ ದಾಖಲಾದವರು ಉಣಿಸಿದ ಗುಂಪಿನಲ್ಲಿ ಶೇ 27, ಇನ್ನೊಂದರಲ್ಲಿ ಶೇ 61. ಸ್ವಿಟ್ಜರ್ಲೆಂಡಿನ ದೊಡ್ಡ ಪ್ರಯೋಗವೊಂದರಲ್ಲಿದ್ದ 645 ಹೃದಯ ವೈಫಲ್ಯದ ರೋಗಿಗಳಲ್ಲಿ 30 ದಿನದ ಸಾವು ಶೇ 14.8ರಿಂದ 8.4ಕ್ಕೆ ಇಳಿಯಿತು. ಯಾವ ಹೊಸ ಮಾತ್ರೆಯಿಂದ ಇಷ್ಟಾಗಿದ್ದರೂ ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿತ್ತು. ಉಪ್ಪಿನ ಬಗ್ಗೆಯೂ ಹೊಸ ತಿಳಿವಳಿಕೆ ಬಂದಿದೆ. 2022ರಲ್ಲಿ ಪ್ರಕಟವಾದ, ಆರು ದೇಶಗಳ 806 ರೋಗಿಗಳ ಪ್ರಯೋಗದಲ್ಲಿ, ಸೋಡಿಯಮ್ಮನ್ನು ದಿನಕ್ಕೆ 1500 ಮಿಲಿಗ್ರಾಮಿಗಿಂತ ಕೆಳಕ್ಕೆ ಒತ್ತಿದ್ದರಿಂದ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸು ಬಿಡಬೇಕು, ಉಪ್ಪುಸಾರಿಗೆ ಉಪ್ಪು ತಗ್ಗಿಸಬೇಕು. ಆದರೆ ರೋಗಿ ತುತ್ತು ಎತ್ತಲಾರದಷ್ಟು ಸಪ್ಪೆ ಮಾಡಿ ಉಪವಾಸ ಕೆಡವುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ.

ನಮ್ಮ ದೇಶದ ಲೆಕ್ಕ ಇನ್ನೂ ಕಠಿಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿ 2019-20ರಲ್ಲಿ 53 ಆಸ್ಪತ್ರೆಗಳ ಸುಮಾರು 10,850 ರೋಗಿಗಳನ್ನು ದಾಖಲಿಸಿತು. ಅವರ ಸರಾಸರಿ ವಯಸ್ಸು 60ರ ಹತ್ತಿರ. ಶ್ರೀಮಂತ ದೇಶಗಳಲ್ಲಿ ಈ ರೋಗಿಗಳು ಎಪ್ಪತ್ತು ದಾಟಿದವರು. ತೊಂಬತ್ತು ದಿನದೊಳಗೆ ಇಲ್ಲಿ ನೂರಕ್ಕೆ 14 ಜನ ತೀರಿಕೊಂಡರು. 2013ರ ತಿರುವನಂತಪುರದ ನೋಂದಣಿಯಲ್ಲಿದ್ದ 1205 ಜನರಲ್ಲಿ ವರ್ಷದೊಳಗೆ ಮೂವರಲ್ಲಿ ಒಬ್ಬರಷ್ಟು ಉಳಿಯಲಿಲ್ಲ.

ಹಾಗಿದ್ದರೂ ಉಣಿಸುವ ಜಾಣ್ಮೆಗೆ ಈ ಸೀಮೆಯಲ್ಲಿ ಬರವಿಲ್ಲ. ದಾಸೋಹಕ್ಕೆ ನಾಡಿನಲ್ಲೆಲ್ಲ ಹೆಸರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತ, ಆಫ್ರಿಕಾಗಳ ರಾಗಿಯನ್ನು ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳು ಈ ಹೊಲಗಳ ಇಳುವರಿಯನ್ನು ಹೆಚ್ಚಿಸಿದವು. ಅವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಮಾಗಡಿಯ ಅವರೆಕಾಯಿಗಾಗಿ ಚಳಿಗಾಲದಲ್ಲಿ ಬೆಂಗಳೂರು ಕಾಯುತ್ತದೆ. ಹೃದಯ ಸೋತವರಿಗೂ ಇದೇ ಊಟವನ್ನು ಹೊಂದಿಸಿಕೊಡಬಹುದು. ದೊಡ್ಡ ಮುದ್ದೆಯ ಬದಲು ಚಿಕ್ಕದು, ದಿನಕ್ಕೆ ಎರಡು ಸಲದ ಬದಲು ಐದಾರು ಸಲ. ಮೊಳಕೆ ಕಟ್ಟಿದ ರಾಗಿಯ ಅಂಬಲಿ, ಸಿಪ್ಪೆ ತೆಗೆದ ಅವರೆಬೇಳೆಯ ತೊವ್ವೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಒಗ್ಗರಣೆಗೆ ಬೆಳ್ಳುಳ್ಳಿ, ಜೀರಿಗೆ, ನಿಂಬೆಹುಳಿ ಬಿದ್ದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಮೂತ್ರಪಿಂಡ, ಸಕ್ಕರೆ ಕಾಯಿಲೆ ಇರುವವರಿಗೆ ಅಳತೆ ಬೇರೆಯಾಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು.

ಹೇಳುವವರು ಸಿಗುತ್ತಿಲ್ಲ ಎನ್ನುವುದೇ ಕೊರತೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊತ್ತು, ಅಳತೆ ಎಲ್ಲ ಇರುತ್ತದೆ. ಊಟಕ್ಕೆ ಸಿಗುವುದು ಉಪ್ಪು ಕಡಿಮೆ ಎಂಬ ಒಂದೇ ಸಾಲು. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯದ ಪ್ರತಿ ಒಳರೋಗಿಯ ಕೇಸ್ ಶೀಟಿನಲ್ಲಿ ಬಾವು ಇಳಿದ ಮೇಲಿನ ತೂಕ, ತೋಳಿನ ಸುತ್ತಳತೆ, ಆಲ್ಬುಮಿನ್, ಹಿಮೋಗ್ಲೋಬಿನ್ ನಾಲ್ಕನ್ನೂ ಬರೆಯುವುದು ಕಡ್ಡಾಯವಾಗಲಿ. ಈ ಸೀಮೆಯ ಅಡುಗೆ ಗೊತ್ತಿರುವ ಒಬ್ಬ ಆಹಾರ ತಜ್ಞರನ್ನು ಪ್ರತಿ ತಾಲ್ಲೂಕು ಆಸ್ಪತ್ರೆಗೂ ನೇಮಿಸಲಿ. ಮನೆಯಲ್ಲಿ ಇಂಥ ರೋಗಿ ಇರುವವರು, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಏನು ಬಿಡಬೇಕು ಎಂದು ಕೇಳಿದ ಮೇಲೆ, ಏನು ಕೊಡಬೇಕು, ಎಷ್ಟು ಕೊಡಬೇಕು ಎಂದೂ ಕೇಳಿ ಬರೆಸಿಕೊಂಡು ಬನ್ನಿ.